ಬಿಪಿ ಇಳಿಸುವ ಡ್ರಿಪ್: ಹೊಸ ಐಸಿಯು ನರ್ಸ್‌ಗಳಿಗೆ

ವಿಜಯಪುರದ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಡಾಕ್ಟರ ಆರ್ಡರ್ ಮೇಲೆ, ಮಾನಿಟರ್ ಇರುವ ಬೆಡ್‌ನಲ್ಲಿ ಮಾತ್ರ ಮಾಡುವ ಕೆಲಸ ಇದು.

ಇಂಡಿ, ಸಿಂದಗಿ ಕಡೆಯಿಂದ ಬರುವವರಲ್ಲಿ "ಆರಾಮ ಅನಿಸ್ತು, ಗುಳಿಗಿ ಬಿಟ್ಟೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. 220/130 ಕಂಡ ಕೂಡಲೇ ಡ್ರಿಪ್‌ಗೆ ಓಡಬೇಡಿ. ತೋಳಿಗೆ ಸರಿಹೋಗುವ ಕಫ್ ಕಟ್ಟಿ ಎರಡೂ ಕೈಯಲ್ಲಿ ನೋಡಿ. ಎದೆನೋವು, ಏದುಸಿರು, ಗೊಂದಲ, ಕಣ್ಣು ಮಂಜು ಇಲ್ಲ, ಇಸಿಜಿ, ಕಿಡ್ನಿ ರಿಪೋರ್ಟೂ ಸರಿ ಇದೆ ಅಂದರೆ ಸಾಮಾನ್ಯವಾಗಿ ಮಾತ್ರೆಯೇ ಸಾಕು.

ಇನ್ನೊಂದು ಪ್ರಶ್ನೆ ಇದೆ: ಲೈಂಗಿಕ ಶಕ್ತಿಗೆ ಅಂತ ಮಾತ್ರೆ ನುಂಗಿದ್ದಾರಾ? ಮಕ್ಕಳು, ಸೊಸೆಯಂದಿರು ಸುತ್ತ ನಿಂತಿದ್ದರೆ ಯಾರೂ ನಿಜ ಹೇಳುವುದಿಲ್ಲ, ಅವರನ್ನು ಹೊರಗೆ ಕಳಿಸಿಯೇ ಕೇಳಿ. ಅಂಥ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆದಿರದಿದ್ದರೆ, ಡ್ರಿಪ್‌ನಲ್ಲಿ ಹಾಕುವ ಬಿಪಿ ಔಷಧಿ ನೈಟ್ರೋಗ್ಲಿಸರಿನ್ ಕೊಡುವಂತಿಲ್ಲ.

220/130 ಅಂದರೆ ಮೀನ್ ಪ್ರೆಷರ್ (ಸರಾಸರಿ ಒತ್ತಡ) 160. ಮೊದಲ ಗಂಟೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸಬಾರದು, ಅಂದರೆ 120ರ ಕೆಳಗೆ ಬೇಡ. ಮುಂದಿನ 2ರಿಂದ 6 ಗಂಟೆಯಲ್ಲಿ ನಿಧಾನಕ್ಕೆ 160/100ರ ಹತ್ತಿರ. ಹೊರಗೆ ಮನೆಯವರು "ಇನ್ನೂ ಇಳಿದಿಲ್ಲೇನ್ರಿ?" ಅಂತ ಕೇಳುತ್ತಲೇ ಇರುತ್ತಾರೆ. ಕೇಳಲಿ. ಮೆದುಳು, ಕಿಡ್ನಿ ಎರಡೂ ಆ ಏರಿದ ಒತ್ತಡಕ್ಕೆ ಒಗ್ಗಿಕೊಂಡಿರುತ್ತವೆ. ದಿಢೀರ್ ಇಳಿಸಿದರೆ ಅವಕ್ಕೆ ರಕ್ತವೇ ಸಾಲದು. ಪಾರ್ಶ್ವವಾಯು, ಮಹಾಧಮನಿ ಸೀಳಿದ್ದು, ಗರ್ಭಿಣಿಯ ಬಿಪಿ, ಇವುಗಳ ಲೆಕ್ಕ ಬೇರೆ. ಡಾಕ್ಟರನ್ನು ಕೇಳಿ.

ನೈಟ್ರೋಗ್ಲಿಸರಿನ್ ಶುರು ಮಾಡುವುದು ನಿಮಿಷಕ್ಕೆ 5 ಮೈಕ್ರೋಗ್ರಾಂ. 50 ಮಿಲಿಗ್ರಾಂ ಅನ್ನು 50 ಎಂಎಲ್ ಮಾಡಿದ್ದರೆ ಪಂಪ್‌ನಲ್ಲಿ ಗಂಟೆಗೆ 0.3 ಎಂಎಲ್. ಚುಕ್ಕಿ ತಪ್ಪಿ 3 ಆದರೆ ಹತ್ತು ಪಟ್ಟು! ಇನ್ನೊಬ್ಬರಿಂದ ಓದಿಸಿ, ಆಮೇಲೆ ಸ್ಟಾರ್ಟ್ ಒತ್ತಿ. ಈ ಲೈನ್‌ಗೆ ಬೇರೆ ಇಂಜೆಕ್ಷನ್ ಹಾಕಬೇಡಿ, ಫ್ಲಶ್ ಮಾಡಬೇಡಿ. ಕೊಳವೆಯಲ್ಲಿ ನಿಂತ ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಮಾಮೂಲಿ ಪಿವಿಸಿ ಟ್ಯೂಬ್ ಈ ಔಷಧಿಯನ್ನು ಹೀರಿಕೊಳ್ಳುತ್ತದೆ, ನಡುವೆ ಟ್ಯೂಬ್ ಬದಲಿಸಿದರೆ ಬಿಪಿ ಮೇಲೆ ಕಣ್ಣಿಡಿ. ತಲೆನೋವು ಬರುವುದು ಸಾಮಾನ್ಯ, ಮೊದಲೇ ಹೇಳಿಬಿಡಿ.

ಇನ್ನೊಂದು ಡ್ರಿಪ್ ಔಷಧಿ ನೈಟ್ರೋಪ್ರುಸೈಡ್ ಇನ್ನೂ ಚುರುಕು, ಒಂದೆರಡು ನಿಮಿಷದಲ್ಲೇ ಬಿಪಿ ಬೀಳುತ್ತದೆ. ಆರ್ಟೀರಿಯಲ್ ಲೈನ್ (ಧಮನಿಯೊಳಗೆ ಕೊಳವೆ ಇಟ್ಟು ಸತತ ಬಿಪಿ ತೋರಿಸುವುದು) ಇದ್ದರೆ ಒಳ್ಳೆಯದು. 5% ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ, ಬೆಳಕು ತಾಗದಂತೆ ಮುಚ್ಚಿಡಿ. ತಿಳಿ ಕಂದು ಬಣ್ಣ ಸರಿ. ನೀಲಿ, ಹಸಿರು, ಕೆಂಪು ಕಂಡರೆ ಚೆಲ್ಲಿ. ಡೋಸ್ ಜಾಸ್ತಿಯಾದರೆ ದೇಹದಲ್ಲಿ ಸಯನೈಡ್ ಸೇರುತ್ತದೆ. ಡೋಸ್ ಏರಿಸಿದರೂ ಬಿಪಿ ಬಗ್ಗುತ್ತಿಲ್ಲ, ಬ್ಲಡ್ ಗ್ಯಾಸ್‌ನಲ್ಲಿ ಲ್ಯಾಕ್ಟೇಟ್ ಏರಿದೆ, ರೋಗಿ ಗೊಂದಲದಲ್ಲಿದ್ದಾರೆ ಅಂದರೆ ಡ್ರಿಪ್ ನಿಲ್ಲಿಸಿ, ಆಗಲೇ ಡಾಕ್ಟರನ್ನು ಕರೆಯಿರಿ.