ತಪ್ಪು ಆರುವ ಮೊದಲೇ

ನಾನು ಗಣಿತ ಕಲಿಸುತ್ತೇನೆ. ವರ್ಷಗಟ್ಟಲೆ ನೋಟ್‌ಬುಕ್ ತಿದ್ದಿದ್ದೇನೆ. ಸೋಮವಾರ ಮಾಡಿದ ಲೆಕ್ಕ ಮಕ್ಕಳ ಕೈಗೆ ವಾಪಸ್ ಸೇರುವಾಗ ಗುರುವಾರ. ಅಷ್ಟರಲ್ಲಿ ತಾನು ಯಾಕೆ ಹಾಗೆ ಬರೆದೆ ಅನ್ನೋದೇ ಮಗುವಿಗೆ ಮರೆತಿರುತ್ತಿತ್ತು. ಅಂಕ ನೋಡಿ ಪುಟ ಮಗುಚುತ್ತಿದ್ದರು, ಅಷ್ಟೇ.

ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1953ರಲ್ಲಿ ಮಗಳ ಗಣಿತದ ತರಗತಿಯಲ್ಲಿ ಕೂತಾಗ ಅವರನ್ನು ಕಾಡಿದ್ದೂ ಇದೇ. ಮಾಡಿದ್ದು ಸರಿಯೋ ತಪ್ಪೋ ಅಂತ ಮಕ್ಕಳಿಗೆ ಕೂಡಲೇ ತಿಳಿಯುತ್ತಿರಲಿಲ್ಲ. ಮರುವರ್ಷವೇ ಅವರು, ಉತ್ತರ ಸರಿಯೋ ಅಲ್ಲವೋ ಅಂತ ಆ ಕ್ಷಣವೇ ತಿಳಿಸುವ, ಕಲಿಸುವ ಯಂತ್ರವೊಂದನ್ನು ಮಾಡಿ ತೋರಿಸಿದರು.

ನಾನು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಲೆಕ್ಕದ ಅಭ್ಯಾಸ ಶುರು ಮಾಡಿದಾಗ ಮೊದಲು ಸೋತೆ. ಒಬ್ಬ ಹುಡುಗನ ಪಕ್ಕ ಕೂತು ನೋಡಿದೆ. ನಾಲ್ಕು ಆಯ್ಕೆ ಇದ್ದವು. ಅವನು ಪ್ರಶ್ನೆ ಓದುತ್ತಲೇ ಇರಲಿಲ್ಲ. ಮೊದಲನೆಯದು ಒತ್ತಿದ, ತಪ್ಪು. ಎರಡನೆಯದು, ತಪ್ಪು. ಮೂರನೆಯದು, ಹಸಿರು ಟಿಕ್. ಮುಂದಕ್ಕೆ ಹೋದ. ಫಲಿತಾಂಶ ಕೂಡಲೇ ಸಿಕ್ಕಿತು, ಆದರೆ ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ.

ಆಯ್ಕೆಗಳನ್ನು ತೆಗೆದು, ಉತ್ತರವನ್ನು ಟೈಪ್ ಮಾಡುವ ಹಾಗೆ ಮಾಡಿದೆ. ಸುಮ್ನೆ 'ತಪ್ಪು' ಅನ್ನುವ ಬದಲು ಒಂದೊಂದು ತಪ್ಪಿಗೂ ತಕ್ಕ ಒಂದು ಸಾಲು ಬರೆದಿಟ್ಟೆ. ತುಂಬಾ ಹೊತ್ತು ಹಿಡಿಯಿತು. ಆದರೆ ಅಷ್ಟು ನೋಟ್‌ಬುಕ್ ತಿದ್ದಿದ್ದಕ್ಕೆ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಅಂತ ಗೊತ್ತಿತ್ತಲ್ಲ!

1/2 + 1/3 ಎಷ್ಟು? ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಒಬ್ಬಳು 2/5 ಅಂತ ಹಾಕಿದಳು. 'ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ದೀಯ. 2/5 ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?' ಅಂತ ಪರದೆಯ ಮೇಲೆ ಬಂತು. ಅವಳ ಕೈ ನಿಂತಿತು. "ಅಯ್ಯೋ, ಕಡಿಮೆ!" ಅಂದಳು. ಹಾಳೆ ಎಳೆದುಕೊಂಡು ಒಂದೇ ಅಳತೆಯ ಎರಡು ಪಟ್ಟಿಗಳ ಚಿತ್ರ ಬಿಡಿಸಿ ಎರಡನ್ನೂ ಆರಾರು ಭಾಗ ಮಾಡಿದಳು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. 5/6! ನಾನು ಬಾಯಿ ಬಿಟ್ಟಿರಲಿಲ್ಲ. ಮುಂದಿನದು 1/4 + 2/3. ಟೈಪ್ ಮಾಡುವ ಮೊದಲೇ "2/3ಕ್ಕಿಂತ ಜಾಸ್ತಿ ಬರಬೇಕು ಅಲ್ವಾ?" ಅಂತ ತನಗೆ ತಾನೇ ಹೇಳಿಕೊಂಡಳು. ಅದನ್ನು ಕೇಳಿ ನನಗೆ ಆದ ಸಂತೋಷ ದೊಡ್ಡದು.

ಇನ್ನೊಂದು ಮಾತು. ಮೊದಲ ಯತ್ನಕ್ಕೆ ಅಂಕ ಕೊಡುವುದನ್ನು ಬಿಟ್ಟೆ. ಕೊನೆಗೆ ಸರಿಯಾದರೆ ಸಾಕು. ತಪ್ಪಿದರೆ ಏನೂ ಕಳೆದುಕೊಳ್ಳುವುದಿಲ್ಲ ಅಂತ ತಿಳಿದ ಮೇಲೆ ಮಕ್ಕಳು ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಏಳುವುದು ಕಡಿಮೆಯಾಯಿತು. ಉದ್ದನೆಯ ಲೆಕ್ಕಗಳಿಗೆ ಮಾತ್ರ ಹೆಜ್ಜೆ ಹೆಜ್ಜೆಗೂ ಟಿಕ್ ತೋರಿಸುವುದಿಲ್ಲ. ತೋರಿಸಿದರೆ ತಾವೇ ಪರೀಕ್ಷಿಸಿ ನೋಡದೆ ಪರದೆಯ ಕಡೆಗೇ ಮುಖ ಮಾಡುತ್ತಾರೆ.

ಆಯ್ಕೆ ಒತ್ತುತ್ತಿದ್ದ ಆ ಹುಡುಗನಿಗೆ ಒಂದು ದಿನ −7 − (−3) ಬಂತು. −10 ಹಾಕಿದ. ತಪ್ಪು. 10 ಹಾಕಿದ. ತಪ್ಪು. '7 ಸಾಲ ಇತ್ತು, ಅದರಲ್ಲಿ 3 ತೆಗೆದುಹಾಕಿದೆ' ಅನ್ನುವ ಸಾಲು ಓದಿದ. ಬೆಲ್ ಹೊಡೆಯಿತು, ಉಳಿದವರು ಎದ್ದರು. "ಸರ್, ಒಂದ್ನಿಮಿಷ, ಆಫ್ ಮಾಡಬೇಡಿ" ಅಂದ. ಬೆರಳು ಮಡಚಿ ಎಣಿಸಿ, −4 ಅಂತ ಟೈಪ್ ಮಾಡಿದ.