ಮಗಳ ಅಂಗುಳಕ್ಕೆ ಕೀ ಕೊಟ್ಟ ದಿನಗಳು

ನನ್ನ ಮಗಳಿಗೆ ಹತ್ತು ವರ್ಷ. ಮೇಲಿನ ದವಡೆ ಕಿರಿದು. ಬಾಯಿ ಮುಚ್ಚಿದರೆ ಒಂದು ಪಕ್ಕದ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತಿದ್ದವು. ಕ್ಲಿಪ್ ಹಾಕುವ ಮೊದಲು ಅಂಗುಳ ಅಗಲ ಮಾಡಬೇಕು ಅಂದರು ಡಾಕ್ಟರ್. ಅಂಗುಳದ ನಡುವಿನ ಮೂಳೆಯ ಜೋಡಣೆ ಈ ವಯಸ್ಸಿನಲ್ಲಿ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ, ಅದಕ್ಕೇ ಈಗಲೇ. ಎಕ್ಸ್‌ಪಾಂಡರ್, ಅಂದರೆ ನಡುವೆ ಸ್ಕ್ರೂ ಇರುವ ಅಂಗುಳ ಅಗಲಿಸುವ ಸಾಧನವನ್ನು ದವಡೆ ಹಲ್ಲುಗಳಿಗೆ ಅಂಟಿಸಿ, ಆ ಸ್ಕ್ರೂ ತಿರುಗಿಸಲು ನನ್ನ ಕೈಗೊಂದು ಪುಟ್ಟ ಕೀ ಕೊಟ್ಟು ಕಳಿಸಿದರು. ದಿನಕ್ಕೆ ಒಂದು ತಿರುವು. ಒಂದು ತಿರುವಿಗೆ ಕಾಲು ಮಿಲಿಮೀಟರ್.

ಮೊದಲ ರಾತ್ರಿ ಅವಳಿಗಿಂತ ಜಾಸ್ತಿ ನಾನೇ ಹೆದರಿದ್ದೆ. ಕುರ್ಚಿಯಲ್ಲಿ ಕೂರಿಸಿ ನೋಡಿದೆ, ಏನೂ ಕಾಣಲಿಲ್ಲ. ಕೊನೆಗೆ ಮಂಚದ ಮೇಲೆ ಮಲಗಿಸಿ, ತಲೆ ನನ್ನ ತೊಡೆ ಮೇಲಿಟ್ಟುಕೊಂಡೆ. ಅವಳಪ್ಪ ಮೊಬೈಲ್ ಟಾರ್ಚ್ ಹಿಡಿದರು. ಕೀಗೆ ದಾರ ಕಟ್ಟಿ ನನ್ನ ಬೆರಳಿಗೆ ಸುತ್ತಿಕೊಂಡಿದ್ದೆ. ಜಾರಿ ಗಂಟಲಿಗೆ ಹೋದರೆ ಗತಿ ಏನು ಅಲ್ವಾ? ಸ್ಕ್ರೂ ನಡುವಿನ ತೂತಿಗೆ ಕೀ ಹಾಕಿ, ಮುಂದಿನ ಹಲ್ಲಿನ ಕಡೆಯಿಂದ ಗಂಟಲಿನ ಕಡೆಗೆ ತಳ್ಳಬೇಕು. ಮುಂದಿನ ತೂತು ಪೂರ್ತಿ ಕಾಣುವವರೆಗೆ.

ಈ 'ಪೂರ್ತಿ' ಅನ್ನೋದರಲ್ಲೇ ನಾನು ಎಡವಿದ್ದು. ನಾಲ್ಕನೇ ದಿನ ಅವಳು ಸ್ವಲ್ಪ ಮುಲುಗಿದಳು. ನಾನು ಗಾಬರಿಯಲ್ಲಿ ಕೀಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದೆ. ಸ್ಕ್ರೂ ಕೂಡ ಅದರ ಜೊತೆ ವಾಪಸ್ ಬಂತು. ಮಾರನೇ ದಿನ ನೋಡಿದರೆ ತೂತೇ ಇಲ್ಲ! ಸೂಜಿಯಿಂದ ಕೆದಕೋಣ ಅಂತ ಅತ್ತೆ ಅಂದರು. ನಾನು ಕೇಳಲಿಲ್ಲ, ಫೋನ್ ಮಾಡಿ ಕ್ಲಿನಿಕ್ಕಿಗೇ ಕರೆದುಕೊಂಡು ಹೋದೆ. ಅರ್ಧ ನಿಂತಿದ್ದ ತಿರುವನ್ನು ಡಾಕ್ಟರ್ ಅರೆ ನಿಮಿಷದಲ್ಲಿ ಮುಗಿಸಿದರು. ಕೀಯನ್ನು ಕೊನೆಯವರೆಗೆ ತಳ್ಳಿ, ಅಲ್ಲಿಂದಲೇ ನಾಲಿಗೆಯ ಕಡೆಗೆ ಇಳಿಸಿ ತೆಗೆಯಬೇಕು ಅಂತ ತೋರಿಸಿಕೊಟ್ಟರು. ಅವತ್ತಿನಿಂದ ತಿರುಗಿಸಿದ ಕೂಡಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಿದ್ದೆ. ಇಲ್ಲದಿದ್ದರೆ ಒಂದು ಸಂಜೆ ಅವಳಪ್ಪ ಎರಡನೇ ಸಲ ತಿರುಗಿಸಿಯೇ ಬಿಡುತ್ತಿದ್ದರು.

ನೋವು ನಾನು ಅಂದುಕೊಂಡಷ್ಟು ಇರಲಿಲ್ಲ. ತಿರುಗಿಸಿದ ಮೇಲೆ ಐದು ಹತ್ತು ನಿಮಿಷ ಮೂಗಿನ ಬುಡದಲ್ಲಿ ಒತ್ತಿದ ಹಾಗೆ ಆಗುತ್ತದೆ ಅನ್ನುತ್ತಿದ್ದಳು. ಮೊದಲ ಎರಡು ದಿನ ಮಾತ್ರ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಟ್ಟೆ. ಜೊಲ್ಲು ಮಾತ್ರ ವಾರವಿಡೀ ಸುರಿಯಿತು, ದಿಂಬಿನ ಮೇಲೆ ಟವೆಲ್ ಹಾಸುತ್ತಿದ್ದೆ.

ಮಾತಿನ ಕಥೆಯೇ ಬೇರೆ. ಟ, ಡ, ಣ, ಳ ಹೇಳಲು ನಾಲಿಗೆ ಅಂಗುಳಕ್ಕೆ ಏರಬೇಕು, ಅಲ್ಲಿ ಕಬ್ಬಿಣ ಕೂತಿದೆ. 'ಬೆಳ್ಳುಳ್ಳಿ' ಅನ್ನಲು ಹೋಗಿ ಅವಳೇ ನಕ್ಕುಬಿಡುತ್ತಿದ್ದಳು. ದಿನಾ ಸಂಜೆ ಪಾಠ ಜೋರಾಗಿ ಓದಿಸಿದೆ. ಹತ್ತು ದಿನಕ್ಕೆ ಮಾತು ಹೆಚ್ಚುಕಡಿಮೆ ಸರಿಹೋಯಿತು.

ನಿಜವಾದ ಕೆಲಸ ಇರೋದು ಊಟದಲ್ಲಿ. ಮೊಸರನ್ನ, ಮೆತ್ತಗಿನ ಇಡ್ಲಿ, ರಾಗಿ ಅಂಬಲಿ ಸಲೀಸು. ಮುದ್ದೆ ಹೇಗೂ ನುಂಗೋದೇ ಅಂತ ಕೊಟ್ಟೆ, ಸಾರು ಕಡಿಮೆ ಆದ ತುತ್ತು ಹೋಗಿ ಸ್ಕ್ರೂ ಮೇಲೆ ಮೆತ್ತಿಕೊಂಡಿತು. ಶಾವಿಗೆ ಮತ್ತು ಸೊಪ್ಪಿನ ನಾರು ಸುತ್ತಿಕೊಂಡರೆ ದೇವರೇ ಗತಿ. ಚಕ್ಕುಲಿ, ಕಡ್ಲೆಮಿಠಾಯಿ ಪೂರ್ತಿ ಬಂದ್, ಹಲ್ಲಿಗೆ ಅಂಟಿಸಿದ ಪಟ್ಟಿ ಸಡಿಲ ಆಗುತ್ತದೆ. ಪ್ರತಿ ಊಟದ ನಂತರ ಸೂಜಿ ಇಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಅಂಗುಳ ಮತ್ತು ಸ್ಕ್ರೂ ನಡುವಿನ ಸಂದಿಗೆ ಪಕ್ಕದಿಂದ ಹೊಡೆಯುತ್ತಿದ್ದೆ. ಬ್ರಶ್ ತಲುಪದ ಅನ್ನದ ಅಗುಳು ಅಲ್ಲಿಂದ ಹೊರಬರುತ್ತಿತ್ತು. ಪಟ್ಟಿಯ ಸುತ್ತ ಒಸಡಿನ ಹತ್ತಿರ ರಾತ್ರಿ ಸಣ್ಣ ಬ್ರಶ್.

ಎರಡನೇ ವಾರ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿತು. ಅತ್ತೆ ಹೌಹಾರಿದರು. ಮೂಳೆ ತೆರೆದುಕೊಳ್ಳುತ್ತಿದೆ ಅನ್ನೋದಕ್ಕೆ ಅದೇ ಗುರುತು, ಆಮೇಲೆ ತಾನಾಗಿ ಕೂಡುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. 22 ತಿರುವಿಗೆ ನಿಲ್ಲಿಸಿದೆವು, ಐದೂವರೆ ಮಿಲಿಮೀಟರ್. ಸಂದು ಈಗ ಅರ್ಧಕ್ಕೆ ಬಂದಿದೆ.

ತಿರುಗಿಸೋದು ಮುಗಿದರೂ, ನಡುವೆ ಹೊಸ ಮೂಳೆ ತುಂಬುವವರೆಗೆ ಎಕ್ಸ್‌ಪಾಂಡರ್ ಬಾಯಲ್ಲೇ ಇರಬೇಕು. ನಮಗೆ ಆರು ತಿಂಗಳು ಹೇಳಿದ್ದಾರೆ. ಕೃಷ್ಣಾಷ್ಟಮಿಯ ಚಕ್ಕುಲಿಗೆ ಮೊದಲು ಬಿಚ್ಚುತ್ತೀರಾ ಅಂತ ಮಗಳು ಹೋದ ಸಲವೂ ಡಾಕ್ಟರನ್ನು ಕೇಳಿದಳು.