ಕರೆಂಟ್ ಕೊಡಿಸಿದ ಮೇಲೆ ಬಾಯಿ ನೋಡಿಕೊಳ್ಳೋದು ಹೇಗೆ?

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ನಿಗೆ ನಮ್ಮ ಕಡೆ ‘ಕರೆಂಟ್ ಕೊಡೋದು’ ಅಂತಾರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಬಾಯಿಹುಣ್ಣು, ಚರ್ಮದ ಉರಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ಒಣಬಾಯಿ, ಬಿಗಿದ ದವಡೆ, ಹಲ್ಲಿನ ತೊಂದರೆ ಮಾತ್ರ ವರ್ಷಗಟ್ಟಲೆ ಉಳಿಯಬಹುದು. ಕೆಲವು ಶುರುವಾಗುವುದೇ ವರ್ಷಗಳಾದ ಮೇಲೆ. ನಮ್ಮ ಚಿಕ್ಕಪ್ಪನ ಜೊತೆ ಎಂಟು ವರ್ಷದಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಣಬಾಯಿ

ಕರೆಂಟ್ ತಾಗಿದ ಜೊಲ್ಲಿನ ಗ್ರಂಥಿಗಳು ಮೊದಲಿನಷ್ಟು ಜೊಲ್ಲು ಸುರಿಸುವುದಿಲ್ಲ. ನೀರಿನ ಬಾಟಲಿ ಕೈಯಲ್ಲೇ ಇರಲಿ, ಗುಟುಕು ಗುಟುಕಾಗಿ ಕುಡಿಯಿರಿ. ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗುಳಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಬಾಯಿ ಇನ್ನೂ ಒಣಗುತ್ತದೆ. ಚಿಕ್ಕಪ್ಪ ಜೇಬಿನ ತುಂಬ ಪೆಪ್ಪರಮಿಂಟ್ ಇಟ್ಟುಕೊಂಡು ಚೀಪುತ್ತಿದ್ದರು. ಜೊಲ್ಲಿಲ್ಲದ ಬಾಯಲ್ಲಿ ಸಕ್ಕರೆ ಹಲ್ಲಿಗೇ ಅಂಟಿಕೊಂಡಿರುತ್ತದೆ, ವರ್ಷದೊಳಗೆ ಒಸಡಿನ ಅಂಚಲ್ಲೆಲ್ಲ ಹುಳುಕು. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಆದರೆ ಪರವಾಗಿಲ್ಲ.

ಹಲ್ಲು ಕೀಳಿಸುವ ಮುಂಚೆ

ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕರೆಂಟ್ ತಗೊಂಡ ದವಡೆ ಮೂಳೆಗೆ, ಅದರಲ್ಲೂ ಕೆಳದವಡೆಗೆ, ರಕ್ತ ಸಂಚಾರ ಕಡಿಮೆಯಾಗಿರುತ್ತದೆ. ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಎಷ್ಟು ವರ್ಷ ಕಳೆದರೂ ಈ ಅಪಾಯ ಇದ್ದೇ ಇರುತ್ತದೆ.

ಚಿಕ್ಕಪ್ಪನಿಗೆ ಐದನೇ ವರ್ಷ ದವಡೆಹಲ್ಲು ನೋವು ಬಂತು. ಊರಲ್ಲೇ ಒಂದು ಕ್ಲಿನಿಕ್‌ಗೆ ಹೋಗಿ ಕೀಳಿಸಿಕೊಂಡು ಬಂದರು. ಕರೆಂಟ್ ತಗೊಂಡಿದ್ದನ್ನು ಇವರು ಹೇಳಲಿಲ್ಲ, ಡಾಕ್ಟರ್ ಕೇಳಲಿಲ್ಲ. ನಾಲ್ಕು ತಿಂಗಳಾದರೂ ಗುಳಿ ತುಂಬಲಿಲ್ಲ. ಒಂದು ದಿನ ನಾಲಿಗೆಗೆ ಏನೋ ಚೂಪಾಗಿ ತಗುಲಿತು ಅಂತ ಟಾರ್ಚ್ ಬಿಟ್ಟು ನೋಡಿದರೆ, ಅಕ್ಕಿಕಾಳಿನಷ್ಟು ಬಿಳಿ ಮೂಳೆ ಇಣುಕುತ್ತಿತ್ತು.

ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಪರ್ಸಲ್ಲೇ ಇರಲಿ. ಯಾವ ಕಡೆ, ಎಷ್ಟು ಗ್ರೇ ಕೊಟ್ಟಿದ್ದಾರೆ (ಗ್ರೇ ಅಂದರೆ ರೇಡಿಯೇಷನ್ ಪ್ರಮಾಣದ ಅಳತೆ; 60ರಿಂದ 70 ಗ್ರೇ ಮಾಮೂಲು) ಅನ್ನೋದು ಅದರಲ್ಲಿರುತ್ತದೆ. ಹಲ್ಲಿನ ಡಾಕ್ಟರ್ ಬಾಯಿ ನೋಡುವ ಮೊದಲೇ ಅದನ್ನು ಕೊಡಿ. ಎಷ್ಟೋ ಸಲ ಕೀಳುವ ಬದಲು ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸುತ್ತಾರೆ. ಫ್ಲೋರೈಡ್ ಜಾಸ್ತಿ ಇರುವ ಪೇಸ್ಟ್ ಅಥವಾ ಜೆಲ್ ಬರೆದುಕೊಡಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ಮೂರು ಬೆರಳಿನ ಲೆಕ್ಕ

ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಹೋಗಬೇಕು. 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿದಿದೆ ಅಂತಲೇ ಲೆಕ್ಕ. ಅಡಿಕೆ, ಗುಟ್ಕಾ ಹಾಕಿ ಮೊದಲೇ ಬಾಯಿ ಕಟ್ಟಿದವರಿಗೆ ಇದು ಇನ್ನೂ ಕಷ್ಟ.

ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ರಬ್ಬರ್‌ಬ್ಯಾಂಡ್ ಹಾಕಿ. ಹಲ್ಲುಗಳ ನಡುವೆ ಇಟ್ಟು ಅರ್ಧ ನಿಮಿಷ ಹಿಡಿಯಿರಿ, ತೆಗೆಯಿರಿ, ಮತ್ತೆ ಇಡಿ. ದಿನಕ್ಕೆ ಮೂರ್ನಾಲ್ಕು ಸಲ. ಸಲೀಸಾದ ಮೇಲೆ ಮಧ್ಯೆ ಒಂದು ಕಡ್ಡಿ ತೂರಿಸಿ. ಎಳೆದಂತೆ ಆಗಬೇಕು, ಜೀವ ಹೋಗುವಷ್ಟು ನೋಯಬಾರದು. ಮೊದಲ ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ. ಮೂಳೆ ಕಾಣುತ್ತಿದ್ದರೆ ಡಾಕ್ಟರನ್ನು ಕೇಳದೆ ಮಾಡಬೇಡಿ. ಚೆನ್ನಾಗಿದ್ದ ಬಾಯಿ ಇದ್ದಕ್ಕಿದ್ದಂತೆ ಬಿಗಿದರೆ ವ್ಯಾಯಾಮ ಅಂತ ಕೂರದೆ ಆಸ್ಪತ್ರೆಗೆ ಹೋಗಿ.

ನುಂಗುವುದು

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ? ಚಿಕ್ಕಪ್ಪನಿಗೆ ಅದೇ ಗಂಟಲಲ್ಲಿ ನಿಲ್ಲತೊಡಗಿತು. ಈಗ ಅವರಿಗೆ ಅದೇ ರಾಗಿಯ ಅಂಬಲಿ, ಇಲ್ಲವೇ ಹಾಲು ಹಾಕಿ ಮೆತ್ತಗೆ ಕಲಸಿದ ಮೊಸರನ್ನ. ತಿನ್ನುವಾಗ, ಕುಡಿಯುವಾಗ ಕೆಮ್ಮು ಬಂದರೆ, ನುಂಗಿದ ಮೇಲೆ ದನಿ ಗೊರಗೊರ ಅಂದರೆ, ಸುಮ್ನೆ ಬಿಡಬೇಡಿ. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನುಂಗುವ ವ್ಯಾಯಾಮ ಹೇಳಿಕೊಡುವವರು ಸ್ಪೀಚ್ ಥೆರಪಿಸ್ಟ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನೂ ನೋಡುತ್ತಾರೆ.

ಥೈರಾಯ್ಡ್

ಕುತ್ತಿಗೆಗೆ ಕರೆಂಟ್ ಕೊಟ್ಟಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ. ಒಂದು ಏಪ್ರಿಲ್‌ನಲ್ಲಿ ಚಿಕ್ಕಪ್ಪ ಸ್ವೆಟರ್ ಹಾಕಿಕೊಂಡು ಜಗಲಿ ಮೇಲೆ ತೂಕಡಿಸುತ್ತಾ ಕೂತಿದ್ದರು. ವಯಸ್ಸಾಯ್ತು ಅಂದುಕೊಂಡೆವು. ಥೈರಾಯ್ಡ್ ಕೈಕೊಟ್ಟಿತ್ತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಸ್ವೆಟರ್ ಟ್ರಂಕಿಗೆ ವಾಪಸ್ ಹೋಗಿದೆ.